ಸಾಹುಕಾರರ ಕೈಗೆ ಮೈಕ್ ಕೊಟ್ಟವನು ನಾನೇ

ಕಳೆದ ತಿಂಗಳು ನಾನೊಬ್ಬ ದೊಡ್ಡ ಮನುಷ್ಯರನ್ನು ಅವರ ಊರಿನಲ್ಲೇ, ಅವರ ಎದುರಿಗೇ, ಹೆಸರು ಹಿಡಿದು ನಲವತ್ತು ಸೆಕೆಂಡು ಬೈದೆ. ಮೈಕಿನಲ್ಲಿ. ಹಿಂದೆ ಡ್ರಮ್ಮು, ಪಕ್ಕದಲ್ಲಿ ಗಿಟಾರು.

ಅವರು ಎದ್ದು ಬಂದು ನನಗೆ ಶಾಲು ಹೊದಿಸಿದರು.

ಅಷ್ಟಕ್ಕೇ ಮುಗಿದಿದ್ದರೆ ಈ ವಾರ ನಾನು ಬೇರೇನಾದರೂ ಬರೆಯುತ್ತಿದ್ದೆ. ಸೇಡಂ ಬಸ್‌ಸ್ಟ್ಯಾಂಡಿನ ನಲ್ಲಿಯ ಬಗ್ಗೆ ಬರೆಯಬೇಕೆಂದು ಮೂರು ವಾರದಿಂದ ಅಂದುಕೊಂಡಿದ್ದೇನೆ. ಆದರೆ ಮುಗಿಯಲಿಲ್ಲ. ಶಾಲು ಹೊದ್ದುಕೊಂಡೇ ಅದೇ ಬೈಗುಳವನ್ನು ಇನ್ನೊಂದು ಸಲ ಒದರಿದೆ. ಯಾಕೆಂದರೆ ಬೈಸಿಕೊಂಡವರೇ ‘ವನ್ಸ್ ಮೋರ್’ ಎಂದರು!

ಮೊದಲಿನಿಂದ ಹೇಳುತ್ತೇನೆ.

ಈ ಅಂಕಣವನ್ನು ತಪ್ಪದೆ ಓದಿ, ತಪ್ಪದೆ ಸಿಟ್ಟಾಗುವ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ, ವಾರವಿಡೀ ಕಾಗದದ ಮೇಲೆ ವಾದ ಮಾಡುವ ನಾನು ಭಾನುವಾರ ಒಂದು ಬ್ಯಾಂಡಿನಲ್ಲಿ ಒದರುತ್ತೇನೆ. (ಹಾಡುತ್ತೇನೆ ಎಂದು ಬರೆದರೆ ಹಾಡು ಬಲ್ಲವರು ಪತ್ರ ಬರೆಯುತ್ತಾರೆ.) ನಾವು ಮೂರೇ ಜನ. ಗಿಟಾರು ಜೋಸೆಫನದು. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನ ಹುಡುಗ, ತಂದೆ ಗೂಡ್ಸ್ ಗಾರ್ಡು. ಡ್ರಮ್ಮು ಮೆಹಬೂಬನದು. ಹಗಲೆಲ್ಲ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಗಂಟಲು ನನ್ನದು. ಗುಲಬರ್ಗಾದ ಕಾಲೇಜಿನಲ್ಲಿ ಮೂರು ವರ್ಷ ಡಿಬೇಟ್ ಮಾಡಿ, ಪರವಾಗಿಯೂ ಗೆದ್ದು ವಿರುದ್ಧವಾಗಿಯೂ ಗೆದ್ದು, ಕೊನೆಗೆ ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡದ ಸ್ಥಿತಿ ತಂದುಕೊಂಡವನು. ಮೆಹಬೂಬ ನನ್ನನ್ನು ‘ವಕೀಲ’ ಎನ್ನುತ್ತಾನೆ. ಹೊಗಳಿಕೆಯಲ್ಲ.

ನಾವು ಬಾರಿಸುವ ಸಂಗೀತಕ್ಕೆ ‘ಹಾರ್ಡ್‌ಕೋರ್ ಪಂಕ್’ ಎಂದು ಹೆಸರು. ಹೆಸರಿಟ್ಟವರು ನಾವಲ್ಲ. ಜೋಸೆಫನ ದೊಡ್ಡಪ್ಪನ ಮಗ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದಾಗ ಒಂದು ಕ್ಯಾಸೆಟ್ ತಂದ. ಮೇಲೆ ಪೆನ್ಸಿಲ್ಲಿನಲ್ಲಿ ಈ ಎರಡು ಪದ ಬಿಟ್ಟರೆ ಇನ್ನೇನೂ ಇಲ್ಲ. ಮೊದಲ ಸಲ ಹಾಕಿದಾಗ ಟೇಪ್ ಒಳಗೆಲ್ಲೋ ಸಿಕ್ಕಿಕೊಂಡಿದೆ ಎಂದುಕೊಂಡು ಜೋಸೆಫ ಸ್ಪಿರಿಟ್ ಹಾಕಿ ಹೆಡ್ ಒರೆಸಿದ. ಮತ್ತೆ ಹಾಕಿದೆವು. ಹಾಗೇ ಇತ್ತು. ಹಾಡೇ ಹಾಗೆ ಎಂದು ತಿಳಿಯಲು ಮೂರು ದಿನ ಹಿಡಿಯಿತು. ಯಾರೋ ಸಿಟ್ಟಿಗೆದ್ದವನು ರೈಲು ಹೊರಡುವುದರೊಳಗೆ ಎಲ್ಲ ಹೇಳಿ ಮುಗಿಸಬೇಕೆಂದು ಒದರಿದಂತೆ. ಒಂದು ಹಾಡು, ಒಂದು ನಿಮಿಷ. ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ. ಮಾತು ಒಂದೂ ತಿಳಿಯಲಿಲ್ಲ. ಸಿಟ್ಟು ಮಾತ್ರ ಪೂರಾ ತಿಳಿಯಿತು.

ನಮ್ಮ ಹತ್ತಿರವೂ ಸಿಟ್ಟಿತ್ತು. ಇಲ್ಲದ್ದು ಡ್ರಮ್ಮು. ಶಹಾಬಾದಿನಲ್ಲಿ ಅಣ್ಣತಮ್ಮಂದಿರ ಜಗಳದಲ್ಲಿ ಒಡೆದುಹೋದ ಮದುವೆ ಬ್ಯಾಂಡೊಂದರಿಂದ ಅದೂ ಬಂತು. ಇವತ್ತಿಗೂ ಅದರ ಹೊಟ್ಟೆಯ ಮೇಲೆ ‘ಶುಭ ವಿವಾಹ’ ಎಂದು ಬರೆದಿದೆ.

ನಮ್ಮ ‘ಟೂರ್’ ಎಂದರೆ ಏನೆಂದು ಕೇಳುತ್ತೀರಾ? ಬಸ್ಸಿನ ಟಾಪ್. ಡ್ರಮ್ಮಿಗೆ ಲಗೇಜ್ ಟಿಕೆಟ್ಟೋ ಹಾಫ್ ಟಿಕೆಟ್ಟೋ ಎಂದು ಕಂಡಕ್ಟರ್ ಜೊತೆ ವಾದ. (ಇದು ನನ್ನ ಇಲಾಖೆ.) ಹೋದಲ್ಲಿ ಕರೆಂಟು ಇದ್ದರೆ ನಾವು, ಇಲ್ಲದಿದ್ದರೆ ಮೆಹಬೂಬ ಒಬ್ಬನೇ. ಕೇಳುವವರು ಎಲ್ಲಿ ಹೋದರೂ ಇಪ್ಪತ್ತು ಜನ. ಐ.ಟಿ.ಐ. ಹುಡುಗರು, ಸಿಮೆಂಟ್ ಕಾಲೊನಿಯ ಕೆಲಸವಿಲ್ಲದವರು, ಚಿತ್ತಾಪುರದ ಒಬ್ಬ ಕ್ಷೌರಿಕ. ಅವನಂತೂ ನಮ್ಮ ಎಲ್ಲ ಹಾಡುಗಳನ್ನು ನಮಗಿಂತ ಚೆನ್ನಾಗಿ ಬಲ್ಲ.

ಆ ಚಿತ್ತಾಪುರದಲ್ಲೇ ನಮ್ಮ ಹುಡುಗರು ಒಬ್ಬರಿಗೊಬ್ಬರು ಭುಜ ಹೊಡೆದುಕೊಂಡು ಕುಣಿಯುತ್ತಿದ್ದಾಗ ನಾಲ್ಕು ಜನ ಹಿರಿಯರು ಧೋತರ ಎತ್ತಿಕಟ್ಟಿಕೊಂಡು ನಡುವೆ ನುಗ್ಗಿದರು. “ಬಿಡ್ರೆಪ್ಪಾ, ಬಿಡ್ರಿ! ಅಣ್ಣತಮ್ಮರಂಗ ಇರೂದು ಬಿಟ್ಟು ಇದೇನು? ಏನದ ಕೂತು ಮಾತಾಡ್ರಿ!” ಎಂದು ಒಬ್ಬೊಬ್ಬನನ್ನೇ ರಟ್ಟೆ ಹಿಡಿದು ಬೇರೆ ಮಾಡಿ, ನೀರು ಕುಡಿಸಿದರು. ಹಾಡು ಮುಗಿಯಿತು. ರಾಜಿ ಪಂಚಾಯತಿ ಮಾತ್ರ ಮುಕ್ಕಾಲು ಗಂಟೆ ನಡೆಯಿತು.

ಚಿಂಚೋಳಿಯದು ಇನ್ನೂ ಕೆಟ್ಟದ್ದು. ಹದಿನಾಲ್ಕು ನಿಮಿಷದಲ್ಲಿ ನಮಗೆ ಗೊತ್ತಿದ್ದ ಅಷ್ಟೂ ಹಾಡು ಮುಗಿಸಿ, ಬೆವರು ಒರೆಸಿಕೊಂಡು ನಿಂತೆವು. ಕರೆಸಿದ್ದ ಮಾಸ್ತರರು ಬಹಳ ಮರ್ಯಾದೆಯಿಂದ ಬಂದು ಹೇಳಿದರು. “ಮೈಕ್ ಬರೋಬ್ಬರಿ ಅದ ಅಂತ ಗೊತ್ತಾಯ್ತಲ್ರೀ, ಇನ್ನ ಕಾರ್ಯಕ್ರಮ ಚಾಲೂ ಮಾಡ್ರಿ.”

ಇರಲಿ. ವಿಷಯಕ್ಕೆ ಬರುತ್ತೇನೆ.

ಮೆಹಬೂಬನ ತಂದೆ ಖಾಜಾ ಚಾಚಾ. ರಾವೂರಿನ ಕಡೆಯ ಒಂದು ಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಸೀಳಿದವರು. ನಿಮ್ಮ ಮನೆಯ ನೆಲ ನುಣ್ಣಗಿದ್ದರೆ, ತಣ್ಣಗಿದ್ದರೆ, ಅದರಲ್ಲಿ ಅವರ ಕೈ ಇರಬಹುದು. ಉಳಿ ಇಟ್ಟು, ಸುತ್ತಿಗೆ ತಾಗಿಸಿ, ಕಲ್ಲಿನ ಸದ್ದು ಕೇಳಿಯೇ ಎಲ್ಲಿ ಬಿಡುತ್ತದೆ ಎಂದು ಹೇಳುತ್ತಿದ್ದರು. ಒಂದು ದಿನ ಕಲ್ಲು ಹೇಳದೆ ಕೇಳದೆ ಬಿಟ್ಟಿತು. ಬಲಗೈಯ ಎರಡು ಬೆರಳು ಅದರ ಅಡಿಯಲ್ಲಿ ಹೋದವು.

ಎರಡು ಬೆರಳಿಲ್ಲದವನು ಸುತ್ತಿಗೆ ಹಿಡಿಯಲಾರ. ಖಣಿಯ ಮಾಲೀಕರು (ಸಾಹುಕಾರರು ಎನ್ನೋಣ. ಹಾಡಿನಲ್ಲಿ ಹೆಸರಿದೆ, ಇಲ್ಲಿ ಹಾಕಿದರೆ ನಮ್ಮ ಸಂಪಾದಕರು ಕತ್ತರಿ ತೆಗೆಯುತ್ತಾರೆ) ಆಸ್ಪತ್ರೆಗೆ ಬಂದು, ಮೋಸಂಬಿ ಕೊಟ್ಟು, ಮಾತೂ ಕೊಟ್ಟರು. “ಚಿಂತಿ ಮಾಡಬ್ಯಾಡ ಖಾಜಾ. ಗೇಟಿಗಿ ವಾಚ್‌ಮನ್ ಮಾಡ್ತೀನಿ. ಖುರ್ಚಿ ಮ್ಯಾಲ ಕುಂದ್ರೂದು, ಲಾರಿ ಎಣಸೂದು.”

ಎಂಟು ತಿಂಗಳಾಯಿತು. ಮೋಸಂಬಿ ಮುಗಿದಿತ್ತು. ಖುರ್ಚಿ ಬರಲಿಲ್ಲ.

ಮೆಹಬೂಬನ ಸೈಕಲ್ ಅಂಗಡಿಯಿಂದ ಆರು ಜನರ ಹೊಟ್ಟೆ ತುಂಬಬೇಕು. ಚಾಚಾ ಬೆಳಿಗ್ಗೆ ಎದ್ದು, ಹಳೆಯ ರೂಢಿಯಂತೆ ಬುತ್ತಿ ಇಲ್ಲದೆಯೇ ಖಣಿಯವರೆಗೆ ನಡೆದು, ಗೇಟು ನೋಡಿ ವಾಪಸು ಬರುತ್ತಿದ್ದರು. ಇದನ್ನು ನಮಗೆ ಹೇಳಿದ್ದು ಮೆಹಬೂಬನ ಬಾಯಲ್ಲ. ಅವನು ಆ ದಿನಗಳಲ್ಲಿ ಡ್ರಮ್ ಬಾರಿಸುತ್ತಿದ್ದ ರೀತಿ. ಒಂದೇ ವಾರದಲ್ಲಿ ಮೂರು ಜೊತೆ ಕೋಲು ಮುರಿದ.

ಹಾಡು ಕಟ್ಟೋಣ ಎಂದೆ. ಬೈಯುವುದಾದರೆ ‘ವ್ಯವಸ್ಥೆ’, ‘ಸಮಾಜ’ ಎಂದೆಲ್ಲ ಬೈಯಬಾರದು, ಮನುಷ್ಯನ ಹೆಸರು ಹಿಡಿದೇ ಬೈಯಬೇಕು ಎಂಬುದು ನಮ್ಮ ಬ್ಯಾಂಡಿನ ಒಂದೇ ನಿಯಮ. ಹತ್ತು ನಿಮಿಷದಲ್ಲಿ ಹಾಡು ಆಯಿತು.

*ಎರಡು ಬೆರಳು ತಗೊಂಡಿ!*
*ಒಂದು ಖುರ್ಚಿ ಕೊಡಲಿಲ್ಲ!*
*ಎಂಟು ತಿಂಗಳಾತಲ್ಲೋ!*
*ನಾಚಿಕಿ ನಿನಗ ಇಲ್ಲೇನೋ!*

ಪ್ರತಿ ಸಾಲಿನ ಕೊನೆಗೆ ಸಾಹುಕಾರರ ಪೂರಾ ಹೆಸರು, ಮೂವರೂ ಸೇರಿ.

ಚಾಚಾ ಬೇಡವೆಂದರು. “ಬೇಟಾ, ದೊಡ್ಡವರ ಹೆಸರು ತಗೊಂಡು ಒದರಿದ್ರ ಇದ್ದ ಆಸೇನೂ ಹೋಗ್ತದ. ನಾ ಕೇಳ್ಲಿಕತ್ತೀನಲ್ಲ, ಇವತ್ತಿಲ್ಲ ನಾಳಿಗಿ ಕೊಡ್ತಾನ.”

ನಾನು ಅವರೊಂದಿಗೆ ಒಂದು ಗಂಟೆ ವಾದಿಸಿದೆ. ಬೇಡುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸ, ಕೊಟ್ಟ ಮಾತಿನ ಹೊಣೆ, ಸಾರ್ವಜನಿಕ ನಾಚಿಕೆಯ ಶಕ್ತಿ, ಎಲ್ಲ ಹೇಳಿದೆ. ಗೆದ್ದೆ. ಗೆದ್ದೆ ಎಂದರೆ, ಅವರು ಸುಮ್ಮನಾದರು. ಡಿಬೇಟ್ ಮಾಡುವವರಿಗೆ ಈ ಎರಡರ ನಡುವಿನ ಅಂತರ ಯಾರೂ ಕಲಿಸುವುದಿಲ್ಲ.

ಸಾಹುಕಾರರ ಊರಿನಲ್ಲಿ ಯುವಕ ಮಂಡಳಿಯವರ ನಾಟಕವಿತ್ತು. ರಾತ್ರಿಯ ನಾಟಕಕ್ಕೆ ಪಾತ್ರಧಾರಿಗಳು ಬಣ್ಣ ಹಚ್ಚಿಕೊಳ್ಳುವ ಹೊತ್ತಿನಲ್ಲಿ, ಸಂಜೆ ಐದಕ್ಕೆ, ಸ್ಟೇಜು ಖಾಲಿ. ಮಂಡಳಿಯ ಹುಡುಗನೊಬ್ಬ ನಮ್ಮ ಇಪ್ಪತ್ತು ಕೇಳುಗರಲ್ಲಿ ಒಬ್ಬ. ಸ್ಟೇಜು ಕೊಡಿಸಿದ. ಉದ್ಘಾಟನೆಗೆ ಬಂದ ಸಾಹುಕಾರರು ಮುಂದಿನ ಸಾಲಿನಲ್ಲಿ, ಬೆತ್ತದ ಖುರ್ಚಿಯಲ್ಲಿ. ಹಿಂದೆ ನೆಲದ ಮೇಲೆ ಊರೆಲ್ಲ. ಒಂದು ಮೂಲೆಯಲ್ಲಿ, ಕೈಯನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡು, ಖಾಜಾ ಚಾಚಾ.

ಒದರಿದೆವು. ನಲವತ್ತು ಸೆಕೆಂಡು. ಬಣ್ಣ ಅರ್ಧ ಹಚ್ಚಿಕೊಂಡ ರಾಜನೊಬ್ಬ ಪರದೆಯ ಸಂದಿಯಿಂದ ಇಣುಕಿದ. ಹಾಡು ನಿಂತಾಗ ಜನ ನಮ್ಮನ್ನು ನೋಡಲಿಲ್ಲ. ಸಾಹುಕಾರರನ್ನು ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಖರೆ ಹೇಳಬೇಕೆಂದರೆ, ಆ ಕ್ಷಣದಲ್ಲಿ ನಾವು ಗೆದ್ದಿದ್ದೆವು.

ಆಗ ನಾನು ಮಾಡಿದ ಕೆಲಸವನ್ನು ಪ್ರಪಂಚದ ಯಾವ ಪಂಕ್ ಬ್ಯಾಂಡಿನವನೂ ಮಾಡಿರಲಾರ. ಡಿಬೇಟಿನವನು ಮಾತ್ರ ಮಾಡುವ ತಪ್ಪು ಅದು. ಆರೋಪ ಮಾಡಿದ ಮೇಲೆ ಎದುರು ಪಕ್ಷಕ್ಕೆ ಉತ್ತರಿಸುವ ಅವಕಾಶ ಕೊಡಬೇಕಲ್ಲವೇ? ಮೂರು ವರ್ಷ ಕಲಿತ ನಿಯಮ ಕೈಯಲ್ಲಿ ಇಳಿದುಬಿಟ್ಟಿದೆ.

“ಸಾಹುಕಾರರಿಗೆ ಉತ್ತರ ಹೇಳುವುದಿದ್ದರೆ ಬರಬಹುದು. ಎರಡು ನಿಮಿಷ” ಎಂದೆ. ಮೈಕ್ ಮುಂದೆ ಚಾಚಿದೆ.

“ಮೈಕ್ ಬಿಡಬ್ಯಾಡಲೇ ವಕೀಲಾ!” ಮೆಹಬೂಬ ಹಿಂದಿನಿಂದ ಹಲ್ಲು ಕಚ್ಚಿ ಅಂದ.

ಬಿಟ್ಟಾಗಿತ್ತು.

ಸಾಹುಕಾರರು ಮೆಟ್ಟಿಲು ಹತ್ತುವಷ್ಟರಲ್ಲಿ ಕಿವಿಯ ಕೆಂಪು ಇಳಿದಿತ್ತು. ಮೈಕಿಗೆ ಎರಡು ಸಲ ಬೆರಳು ತಾಗಿಸಿದರು. ನಕ್ಕರು.

“ಎಲ್ಲಾರಿಗೂ ನಮಸ್ಕಾರ. ಹುಡುಗರು ಭಾಳ ಛಲೋ ಒದರಿದ್ರು. ಖರೇ ಹೇಳ್ತೀನಿ, ನನ್ನ ಹೆಸರು ಇಷ್ಟು ಜೋರಲೆ ನಮ್ಮವ್ವನೂ ಕೂಗಿದ್ದಿಲ್ಲ.”

ಊರಿಗೆ ಊರೇ ನಕ್ಕಿತು. ಇಷ್ಟು ಹೊತ್ತು ಉಸಿರು ಹಿಡಿದಿದ್ದ ಜನ. ನಗಲಿಕ್ಕೆ ಒಂದು ಪರವಾನಗಿ ಬೇಕಿತ್ತು ಅಷ್ಟೇ.

“ಸಿಟ್ಟು ಬರ್ಲಿಲ್ಲೇನ್ರೀ ಸಾಹುಕಾರ್ರ?” ಹಿಂದಿನಿಂದ ಯಾರೋ ಕೂಗಿದರು.

“ಯಾಕ ಬರ್ಬೇಕೋ? ಮನಿ ಹುಡುಗರು ಬೈದ್ರ ಸಿಟ್ಟು ಬರ್ತದೇನು? ಈ ಊರಾಗ ಮತ್ಯಾರಿಗರೆ ಹಾಡು ಕಟ್ಟ್ಯಾರೇನು ಹೇಳು? ನನಗೇ ಕಟ್ಟ್ಯಾರ!”

ಉತ್ತರ ಕರ್ನಾಟಕದ ನಾಟಕಗಳನ್ನು ನೋಡಿದ ನಿಮಗೆ ಆಯೇರಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೆಂಗಳೂರಿನ ಓದುಗರಿಗಾಗಿ ಒಂದು ಸಾಲು: ಪಾತ್ರ ಮೆಚ್ಚಿದವರು ಆಟದ ನಡುವೆಯೇ ಬಂದು ಟವೆಲ್ಲೋ ಶಾಲೋ ಉಡುಗೊರೆ ಮಾಡುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳಲೇಬೇಕು. ಸಾಯುವ ಪಾತ್ರವೂ ಎದ್ದು ಕೂತು, ತೆಗೆದುಕೊಂಡು, ಕೈಮುಗಿದು ಮತ್ತೆ ಸಾಯುತ್ತದೆ. ಆಯೇರಿಯನ್ನು ಬೇಡ ಎನ್ನುವ ಪದ್ಧತಿ ಇಲ್ಲ.

ಸಾಹುಕಾರರು ತಮಗೆ ಉದ್ಘಾಟನೆಯಲ್ಲಿ ಬಂದಿದ್ದ ಶಾಲನ್ನು ತೆಗೆದು ನನ್ನ ಹೆಗಲಿಗೆ ಹಾಕಿದರು. ಆಮೇಲೆ ಜನರ ಕಡೆ ಕಣ್ಣು ಹಾಯಿಸಿದರು.

“ಖಾಜಾ ಎಲ್ಲಿದ್ದಾನ? ಏಳೋ ಖಾಜಾ, ಮಂದಿಗಿ ಕಾಣಂಗ ನಿಂದ್ರು. ನಾಳಿಲಿಂದ ಗೇಟಿನ ಖುರ್ಚಿ ನಿಂದೇ! ಹುಡುಗರ, ಬರಕೋರಿ, ಇದು ನನ್ನ ಆಯೇರಿ!”

ಸಿಳ್ಳೆ. ಚಪ್ಪಾಳೆ. ಮಂಡಳಿಯ ಮ್ಯಾನೇಜರು ಓಡಿ ಬಂದು ಮೈಕ್ ಇಸಿದುಕೊಂಡು, ರೂಢಿಯ ದನಿಯಲ್ಲಿ ಸಾರಿದ. “ಖಣಿ ಮಾಲೀಕರಾದ ಶ್ರೀಮಾನ್ ಸಾಹುಕಾರರು ವಾಡಿಯ ಬ್ಯಾಂಡಿನವರಿಗೆ ಒಂದು ಶಾಲು, ಖಾಜಾಮಿಯಾ ಅವರಿಗೆ ಒಂದು ನೌಕರಿ ಆಯೇರಿ ಮಾಡಿರುತ್ತಾರೆ. ಅವರಿಗೆ ಮಂಡಳಿಯ ವತಿಯಿಂದ ಧನ್ಯವಾದಗಳು!”

ಚಾಚಾ ಮೂಲೆಯಲ್ಲಿ ಎದ್ದು ನಿಂತು ಕೈಮುಗಿದಿದ್ದರು. ಟವೆಲ್ಲು ಜಾರಿತ್ತು. ಮುಗಿದ ಕೈಯಲ್ಲಿ ಎಂಟು ಬೆರಳು ಕಾಣುತ್ತಿದ್ದವು.

“ವನ್ಸ್ ಮೋರ್ ಆಗ್ಲಿ!” ಎಂದರು ಸಾಹುಕಾರರು.

ನೀವೇ ಹೇಳಿ, ಏನು ಮಾಡಬೇಕಿತ್ತು? ನಾನು ಜೋಸೆಫನ ಮುಖ ನೋಡಿದೆ. ಅವನು ಗಿಟಾರು ಕೆಳಗಿಟ್ಟಿದ್ದ. ಮೆಹಬೂಬನ ಮುಖ ನೋಡಿದೆ. ಅವನು ತಂದೆಯನ್ನು ನೋಡುತ್ತಿದ್ದ. ಆಮೇಲೆ ಕೋಲು ಎತ್ತಿ, ಒನ್ ಟೂ ಥ್ರೀ ಫೋರ್ ಎಂದ.

ಹಾಡಿದೆವು. ಈ ಸಲ ಪ್ರತಿ ಸಾಲಿನ ಕೊನೆಗೆ ಊರೆಲ್ಲ ಸೇರಿ ಸಾಹುಕಾರರ ಹೆಸರು ಕೂಗಿತು. ಅವರು ಪ್ರತಿ ಸಲವೂ ಎದ್ದು ಕೈಮುಗಿದರು. ‘ಒಂದು ಖುರ್ಚಿ ಕೊಡಲಿಲ್ಲ’ ಎಂಬ ಸಾಲಿಗೆ ಬಂದಾಗ ನನಗೆ ಹೊಳೆಯಿತು. ಈಗ ಅದು ಸುಳ್ಳು ಆರೋಪ! ಕೊಟ್ಟಾಗಿದೆ! ಸಾವಿರ ಜನರ ಮುಂದೆ ನಾನು ಮೈಕಿನಲ್ಲಿ ಸುಳ್ಳು ಹೇಳುತ್ತಿದ್ದೇನೆ, ಸುಳ್ಳಿಗೊಳಗಾದವರು ದೊಡ್ಡ ಮನಸ್ಸಿನಿಂದ ನಗುತ್ತಿದ್ದಾರೆ. ಎರಡು ನಿಮಿಷದ ಉತ್ತರದಲ್ಲಿ ಇಷ್ಟು ಮಾಡಿದವರನ್ನು ನಮ್ಮ ಕಾಲೇಜಿನ ಟೀಮಿನಲ್ಲಿ ನಾನು ಕಂಡಿಲ್ಲ.

ವಾಪಸು ಬರುವಾಗ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಜೋಸೆಫ ಕೇಳಿದ. “ನಾವು ಗೆದ್ದ್ವೇನೋ, ಸೋತ್ವೇನೋ?”

“ನಮ್ಮ ಅಬ್ಬಾಗ ನೌಕರಿ ಸಿಕ್ತು. ಗೆದ್ದ್ವಿ” ಎಂದ ಮೆಹಬೂಬ. “ಇದರಾಗ ಕೇಳೂದೇನದ?”

ಎದುರುವಾದವಿದ್ದರೂ, ಖುಷಿಯಲ್ಲಿ ಇಷ್ಟಗಲ ಹಲ್ಲು ಬಿಟ್ಟವನ ಎದುರು ಹೇಳುವಷ್ಟು ಕೆಟ್ಟವನು ನಾನಲ್ಲ. ಎಂಟು ತಿಂಗಳ ಮೇಲೆ ಅವನ ಹಲ್ಲು ನೋಡಿದ್ದೆ.

ಒಂದು ವಾರದ ನಂತರ ಆ ಕಡೆ ಹೋದಾಗ ಖಣಿಯ ಗೇಟಿಗೂ ಹೋಗಿ ನೋಡಿ ಬಂದೆ. (ಸ್ವಲ್ಪ ಜಂಬವಿತ್ತು, ಒಪ್ಪುತ್ತೇನೆ.) ಚಾಚಾ ಖುರ್ಚಿಯ ಮೇಲೆ ಕೂತಿದ್ದರು. ಎಡಗೈಯಿಂದ ಲಾರಿ ನಂಬರು ಬರೆಯುವುದನ್ನು ಕಲಿಯುತ್ತಿದ್ದರು. ಖಾಕಿ ಅಂಗಿ ಅವರಿಗೆ ಬಹಳ ದೊಡ್ಡದಿತ್ತು, ತೋಳು ಮೂರು ಮಡಿಕೆ ಮಡಚಿತ್ತು.

“ಛಂದ ಕಾಣಾಕತ್ತೀರಿ ಚಾಚಾ” ಎಂದೆ.

“ಹ್ಞೂಂ ಬೇಟಾ” ಎಂದರು. ಅಷ್ಟೇ. ಕಣ್ಣು ಪುಸ್ತಕದಿಂದ ಎತ್ತಲಿಲ್ಲ. ಕೆಲಸದಲ್ಲಿ ಮುಳುಗಿದ್ದಾರೆ ಎಂದುಕೊಂಡೆ. ಎಲ್ಲದಕ್ಕೂ ಪ್ರಶ್ನೆ ಕೇಳುವ ನಾನು, ಆ ಅಂಗಿ ಯಾರದೆಂದು ಕೇಳಲಿಲ್ಲ.

ಹೋದ ಶುಕ್ರವಾರ ಮಧ್ಯಾಹ್ನ. ಜೋಸೆಫನ ಕ್ವಾರ್ಟರ್ಸಿನ ಹಿತ್ತಲಲ್ಲಿ ನಮ್ಮ ಪ್ರಾಕ್ಟೀಸು. ಸಾಹುಕಾರರ ಲೆಕ್ಕ ಬರೆಯುವ ಮುನೀಮರು ಮೊಪೆಡ್ಡಿನಲ್ಲಿ ಬಂದಿಳಿದರು.

“ಹೊಸಾ ಖಣಿ ಚಾಲೂ ಆಗ್ಲಿಕತ್ತದ. ಈ ಐತಾರ ಬಿಟ್ಟು ಬರೂ ಐತಾರ ಪೂಜಾ. ನೀವು ಬಂದು ಸಾಹುಕಾರ್ರ ಹಾಡು ಹಾಡ್ಬೇಕಂತ.”

“ಯಾವ ಹಾಡ್ರೀ?”

“ಅದೇರೀ, ನಾಚಿಕಿ ಇಲ್ಲೇನೋ ಹಾಡು. ಬೀಗರು ಬರಾಕತ್ತಾರ ಸೋಲಾಪುರಲಿಂದ. ಅವರಿಗಿ ಕೇಳಸ್ಬೇಕಂತ.”

ಮುನೀಮರು ಹೋದ ಮೇಲೆ ನಾನು ಕಾಲು ಗಂಟೆ ಮಾತಾಡಿದೆ. ನಾವು ಬೀಗರ ಊಟಕ್ಕೆ ಹಾಡುವವರಲ್ಲ. ಬೈಗುಳವನ್ನು ಬಿರುದು ಮಾಡಿಕೊಂಡವರ ಅಂಗಳಕ್ಕೆ ಹೋದರೆ ಇನ್ನು ನಾವು ಯಾರನ್ನೂ ಬೈಯುವ ಹಾಗಿಲ್ಲ. ಜೋಸೆಫ ಚಪ್ಪಾಳೆ ತಟ್ಟಿದ. ಮೆಹಬೂಬ ಡ್ರಮ್ಮಿನ ಚರ್ಮ ಬಿಗಿ ಮಾಡುತ್ತಾ, “ನನಗ ಕೇಳಬ್ಯಾಡ್ರಿ” ಎಂದ. ಅವನ ತಂದೆಯ ಖುರ್ಚಿ ಅದೇ ಸಾಹುಕಾರರದು. ಎರಡು ಮತ, ಒಂದು ಮೌನ. ಹೋಗುವುದಿಲ್ಲ ಎಂದು ಹೇಳಿ ಕಳಿಸಿದೆವು.

ಮರುದಿನ ಅದೇ ಹೊತ್ತಿಗೆ ಒಬ್ಬರು ಕೋಲೂರಿಕೊಂಡು ಹಿತ್ತಲಿಗೆ ಬಂದರು. ಐವತ್ತು ದಾಟಿದ, ಅಗಲ ಭುಜದ ಮನುಷ್ಯ. ಎಡಗಾಲು ಮೊಳಕಾಲಿನಿಂದ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಮೆಹಬೂಬ ಗುರುತು ಹಿಡಿದು ಎದ್ದು ನಿಂತ.

“ಸಾಬಣ್ಣ ಕಾಕಾ! ಬರ್ರಿ, ಕುಂದ್ರಿ. ಇಲ್ಲಿತನಾ ಹೆಂಗ ಬಂದ್ರಿ?”

“ಕಲ್ಲಿನ ಲಾರಿಗಿ ಬಂದೆ.” ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಕೂತು, ಕಾಲನ್ನು ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡರು. “ನನಗೂ ಒಂದು ಹಾಡು ಬೇಕಾಗಿತ್ತು.”

“ನಿಮಗ್ಯಾಕ್ರೀ ಹಾಡು?” ಎಂದ ಜೋಸೆಫ, ನಗುತ್ತಾ.

“ಖಾಜಾ ಬರೂ ಮುಂಚೆ ಆ ಖುರ್ಚಿ ಮ್ಯಾಲ ಆರು ವರ್ಷ ನಾನೇ ಕುಂತಿದ್ದೆ.”

ಜೋಸೆಫನ ನಗು ಅಲ್ಲಿಗೇ ನಿಂತಿತು.

ಸಾಬಣ್ಣ ಕಾಕಾ ಕಲ್ಲು ಲೋಡ್ ಮಾಡುವಾಗ ಕಾಲು ಮುರಿದುಕೊಂಡವರು. ಅವರಿಗೂ ಆಸ್ಪತ್ರೆಯಲ್ಲಿ ಮೋಸಂಬಿ, ಅವರಿಗೂ ಮಾತು. ಅವರಿಗೆ ಖುರ್ಚಿ ಬೇಗ ಸಿಕ್ಕಿತ್ತು. “ಆವತ್ತು ಸಾಹುಕಾರ ಮೈಕಿನಾಗ ಹೇಳ್ದಾಗ ನಾನೂ ಅಲ್ಲೇ ಮಂದ್ಯಾಗ ಕುಂತಿದ್ದೆ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ. ಮನಿಗಿ ಹೋಗೂವಾಗ ತಿಳೀತು, ಗೇಟು ಒಂದೇ ಅದಲ್ಲಾ ಅಂತ.”

“ಅಬ್ಬಾಗ ಗೊತ್ತದೇನು?” ಮೆಹಬೂಬ ಕೇಳಿದ.

“ಗೊತ್ತಿಲ್ಲದೇನು? ಮರುದಿನ ನಸಕಿನ್ಯಾಗ ನಮ್ಮ ಮನಿಗಿ ಬಂದ. ಅರ್ಧ ತಾಸು ಕುಂತ, ಮಾತಾಡ್ಲಿಲ್ಲ. ನಾನೇ ಅಂಗಿ ತಗದು ಕೊಟ್ಟೆ. ನೀ ಬ್ಯಾಡ ಅಂದ್ರ ಅಂವ ನನಗ ತಿರುಗಿ ಕೊಡ್ತಾನೇನು, ಮೂರನೇದವನ್ನ ತರ್ತಾನ, ಹೋಗು ಅಂದೆ.”

ಮೆಹಬೂಬ ಕೋಲುಗಳನ್ನು ಡ್ರಮ್ಮಿನ ಮೇಲೆ ಇ‌ಟ್ಟು, “ನಾ ಅಬ್ಬಾಗ ಹೇಳಿ ಬಿಡಸ್ತೀನಿ” ಎಂದ.

“ಹುಚ್ಚಪ್ಪಾ” ಎಂದರು ಸಾಬಣ್ಣ ಕಾಕಾ. “ಅಂವಗ ಕೈಯಿಲ್ಲ, ನನಗ ಕಾಲಿಲ್ಲ. ಇಬ್ಬರ ಮನ್ಯಾಗೂ ಒಲಿ ಆರಿಸಿ ಯಾರಿಗಿ ಲಾಭ?”

ಸುಮ್ಮನಿರಬೇಕಾದಲ್ಲೆಲ್ಲ ನಾನು ಬಾಯಿ ಹಾಕುತ್ತೇನೆ ಎಂಬುದು ನಿಮಗೆ ಇಷ್ಟು ಹೊತ್ತಿಗೆ ತಿಳಿದಿರಬೇಕು. “ಪಾಳಿ ಮಾಡಿದ್ರ ಹೆಂಗ ಕಾಕಾ? ಹಗಲು ಒಬ್ಬರು, ರಾತ್ರಿ ಒಬ್ಬರು. ಇದು ನ್ಯಾಯವಾದ ಬೇಡಿಕೆ.”

“ರಾತ್ರಿ ಕಾಯ್ಲಿಕ್ಕಿ ನಾಯಿ ಅವ. ಅವು ಪಗಾರ ಕೇಳಲ್ಲ.”

“ಹೊಸಾ ಖಣಿಗಿ ಗೇಟ್ ಕೂಡಿಸ್ಯಾರ” ಎಂದರು ಕಾಕಾ ನಿಧಾನವಾಗಿ. “ಖುರ್ಚಿ ಇನ್ನಾ ಇಟ್ಟಿಲ್ಲ. ಐತಾರ ನೀವು ಹಾಡ್ಲಿಕ್ಕಿ ಬರಲ್ಲ ಅಂದೀರಂತ, ಮುನೀಮ ಹೇಳ್ದ.”

ಜೋಸೆಫ ತಲೆ ಕೆರೆದುಕೊಂಡ. “ಕಾಕಾ, ಅಲ್ಲಿ ಹೋಗಿ ಹಾಡಿದ್ರ ನಮ್ಮ ಮರ್ಯಾದಿ...”

“ನಿಮ್ಮ ಮರ್ಯಾದಿಗಿ ಏನಾಗ್ತದಪ್ಪಾ? ನಿಮಗ ಖುರ್ಚಿ ಬೇಕಾಗಿಲ್ಲ, ನಿಂತೇ ಒದರ್ತೀರಿ.”

ಹಿಂದಿನ ದಿನದ ನನ್ನ ಕಾಲು ಗಂಟೆಯ ಭಾಷಣ ಆ ಒಂದು ಮಾತಿನಲ್ಲಿ ಕೂತುಹೋಯಿತು. ಸಾಹುಕಾರರ ಅಂಗಳದಲ್ಲಿ ಹಾಡುವುದು ಸೋಲು ಎಂದು ನಾನು ಈಗಲೂ ಸಾಧಿಸಬಲ್ಲೆ. ಆದರೆ ಸೋಲುವವರು ನಾವು, ಖುರ್ಚಿ ಬೇಕಾದವರು ಅವರು. ನಮ್ಮ ಸೋಲು ಗೆಲುವಿನ ಲೆಕ್ಕ ಕೇಳಲಿಕ್ಕೆ ಅವರು ಕಲ್ಲಿನ ಲಾರಿ ಹತ್ತಿ ಬಂದಿರಲಿಲ್ಲ.

ಭಾನುವಾರ ಹೋಗುವುದೆಂದು ಆಯಿತು. ಹೊಸ ಹಾಡು ಅಲ್ಲೇ, ಅವರೆದುರೇ ಕಟ್ಟಿದೆ. ಕಾಲು, ಖುರ್ಚಿ, ಆರು ವರ್ಷ, ಎರಡನೇ ಗೇಟು, ಎಲ್ಲ ಬಂತು. ಮೆಹಬೂಬ ಅದನ್ನು ಬಾರಿಸಿದ ರೀತಿಗೆ ನಮ್ಮ ಗದ್ದಲ ನಿಲ್ಲಿಸಲು ದಿನಾ ಊಟದ ತಾಟು ಬಡಿಯುವ ಪಕ್ಕದ ಕ್ವಾರ್ಟರ್ಸಿನ ಅಮ್ಮ ಅದನ್ನೂ ಮರೆತರು. ಸಾಬಣ್ಣ ಕಾಕಾ ಕಣ್ಣು ಪಿಳುಕಿಸದೆ ಕೂತು ಕೇಳಿದರು.

“ಮುಗೀತಾ?”

“ಮುಗೀತ್ರಿ.”

“ಹ್ಞಾಂ. ನನ್ನ ಕಾಲು ಹೋಗ್ಲಿಕ್ಕೂ ಇಷ್ಟೇ ಹೊತ್ತು ಹತ್ತಿತ್ತು.”

ಹೊಗಳಿದರೋ ಏನೋ, ಇನ್ನೂ ಗೊತ್ತಿಲ್ಲ. ಕೋಲೂರಿ ಎದ್ದರು. ಎದ್ದವರು ಅಲ್ಲೇ ನಿಂತು, ಕೆಳಗೆ ಬಿದ್ದಿದ್ದ ಮೈಕನ್ನು ಸ್ವಲ್ಪ ಹೊತ್ತು ನೋಡಿದರು.

“ಹಾಡು ಛಲೋ ಅದ, ಹಾಡ್ರಿ. ಮುಗಿದ ಮ್ಯಾಲ ಇದನ್ನ ಸಾಹುಕಾರನ ಕೈಗಿ ಕೊಡಬ್ಯಾಡ್ರಿ. ನನ್ನ ಕೈಗಿ ಕೊಡ್ರಿ.”

ಎರಡು ವರ್ಷದಿಂದ ಊರೂರಿಗೆ ಹೋಗಿ ದುಡಿಯುವವರ ಪರವಾಗಿ ಒದರುತ್ತಿದ್ದೇವೆ. ಅವರಲ್ಲೊಬ್ಬರು ಮೈಕ್ ಕೇಳಿದ್ದು ಇದೇ ಮೊದಲು. ನಾವಾಗಿ ಕೊಟ್ಟದ್ದು ಒಂದೇ ಸಲ, ಯಾರಿಗೆ ಕೊಟ್ಟೆವೆಂದು ನಿಮಗೆ ಗೊತ್ತೇ ಇದೆ.

“ಕೊಡ್ತೀವಿ ಕಾಕಾ” ಎಂದ ಮೆಹಬೂಬ. “ಈ ಸಲ ಹಾಡು ಮುಗೀತಂದ್ರ ವಕೀಲನ ಕೈಯಾಗ ಮೈಕೇ ಇರಲ್ಲ. ನಾ ಇಸ್ಕೋತೀನಿ.”

ನನಗೆ ಕಳವಳ ಶುರುವಾಯಿತು. ಬೀಗರು, ಮುನೀಮರು, ಅಷ್ಟು ಜನ. ಎರಡು ನಿಮಿಷದಲ್ಲಿ ಮಾತು ಆ ಕಡೆ ಈ ಕಡೆ ಆದರೆ ಖುರ್ಚಿ ಹೋದಂತೆಯೇ. ಸಾಹುಕಾರರು ಹಾಸ್ಯ ಮಾಡಿದರೆ ಏನು ಹೇಳಬೇಕು, ಆಯೇರಿ ಎಂದರೆ ಏನೆನ್ನಬೇಕು, ಯಾವ ಮಾತು ಮೊದಲು, ಯಾವುದು ಕೊನೆಗೆ, ಇದಕ್ಕೆಲ್ಲ ತಯಾರಿ ಬೇಡವೇ? ಜೇಬಿನಿಂದ ಪೆನ್ನು ತೆಗೆದೆ.

“ಕಾಕಾ, ಮೈಕಿನಾಗ ಏನ್ ಹೇಳ್ಬೇಕು ಅಂತ ನಾ ಬರ್ದು ಕೊಡ್ತೀನಿ, ನಾಕು ಪಾಯಿಂಟ್...”

ಸಾಬಣ್ಣ ಕಾಕಾ ಹಿತ್ತಲ ಬಾಗಿಲಲ್ಲಿ ತಿರುಗಿ ನಿಂತರು. ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

“ಯಾಕ್ರೀ ವಕೀಲಸಾಬ್ರ, ಕಾಲು ನಿಮ್ದು ಹೋಗ್ಯಾದೇನು?”